ಆನೆ ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ಆಯಸ್ಸು? ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಸ್ಯಾಂಡರ್ಸನ್ ಅಳೆದದ್ದು ಮತ್ತು ಊಹಿಸಿದ್ದು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕಾಡಂಚಿನ ಹೊಲಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ರಾತ್ರಿ ಕಾವಲು ಶುರುವಾಗುತ್ತದೆ. ಬೆಳಿಗ್ಗೆ ಬದುವಿನ ಪಕ್ಕ ತಟ್ಟೆಯಗಲದ ಹೆಜ್ಜೆ ಕಂಡರೆ, ಹಿರಿಯರೊಬ್ಬರು ಅದರ ಸುತ್ತ ಹಗ್ಗ ಹಾಕಿ ಅಳೆದು, ಆ ಅಳತೆಯನ್ನು ಇಮ್ಮಡಿ ಮಾಡಿ, ಬಂದು ಹೋದ ಆನೆ ಇಷ್ಟೆತ್ತರ ಇತ್ತು ಎಂದು ಹೇಳಿಬಿಡುತ್ತಾರೆ. ಮಾತು ಮುಂದುವರಿದರೆ ಇನ್ನೂ ಹಲವು ಸಂಗತಿ ಹೊರಬರುತ್ತವೆ. ಒಂಟಿ ಆನೆ ಎಂದರೆ ಹಿಂಡಿನಿಂದ ಓಡಿಸಲ್ಪಟ್ಟದ್ದು, ಹಿಂಡಿಗೆ ದೊಡ್ಡ ಕೊಂಬಿನ ಸಲಗವೇ ನಾಯಕ, ಆನೆ ನೂರಾರು ವರ್ಷ ಬದುಕುತ್ತದೆ, ಸಾಯುವ ಕಾಲಕ್ಕೆ ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಹೋಗಿಬಿಡುತ್ತದೆ, ಹೀಗೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಬರೀ ನಂಬಿಕೆ? ಈ ಪ್ರಶ್ನೆಯನ್ನು ಇದೇ ಬೆಟ್ಟದ ತಪ್ಪಲಲ್ಲಿ ಕುಳಿತು, ಸುಮಾರು 150 ವರ್ಷಗಳ ಹಿಂದೆ, ಅಳತೆಪಟ್ಟಿ ಹಿಡಿದು ಕೇಳಿದವನೊಬ್ಬನಿದ್ದ. ಅವನ ಹೆಸರು ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಖೆಡ್ಡಾ ಎಂದ ಕೂಡಲೇ ನೆನಪಾಗುವ ಹೆಸರು ಅದು. ಆದರೆ ಆನೆ ಹಿಡಿದವನು ಎಂಬುದಕ್ಕಿಂತ, ಆನೆಯ ಬಗೆಗಿನ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದವನು ಎಂಬ ಕಾರಣಕ್ಕೆ ನಾವು ಇಂದು ಅವನ ಬದುಕನ್ನು ನೋಡೋಣ. ಅವನು ಎಲ್ಲ ಕಡೆಯೂ ಸರಿಯಾಗಿರಲಿಲ್ಲ. ಎಲ್ಲಿ ಸರಿಯಾಗಿದ್ದ, ಎಲ್ಲಿ ಎಡವಿದ ಎಂಬುದೇ ನಮಗೆ ಹೆಚ್ಚು ಉಪಯೋಗದ ಪಾಠ.

ಕನ್ನಡ ನಿಘಂಟಿನ ಮನೆಯಿಂದ ಬಂದ ಹುಡುಗ

ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ. ತಂದೆ ಡೇನಿಯಲ್ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ವೆಸ್ಲಿಯನ್ ಮಿಷನರಿ. ಕನ್ನಡದ ಮೊದಲ ದೊಡ್ಡ ಕನ್ನಡ–ಇಂಗ್ಲಿಷ್ ನಿಘಂಟುಗಳಲ್ಲಿ ಒಂದಾದ ರೀವ್ ಅವರ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಹೊರತಂದವರು ಇವರೇ. ಮಗ ಇಂಗ್ಲೆಂಡಿನಲ್ಲಿ ಓದಿ, 1864ರಲ್ಲಿ, ಇನ್ನೂ ಹದಿನಾರರ ಹರೆಯದಲ್ಲಿ, ಮೈಸೂರಿಗೆ ಮರಳಿದ. ಕಾಫಿ ತೋಟದಲ್ಲಿ ಬದುಕು ಕಟ್ಟಿಕೊಳ್ಳುವ ಆಸೆಯಿತ್ತು. ಆದರೆ ಆ ಹೊತ್ತಿಗೆ ಕಾಫಿಯ ಒಳ್ಳೆಯ ದಿನಗಳು ಮುಗಿಯುತ್ತ ಬಂದಿದ್ದವು. ಹಾಗಾಗಿ ಕನ್ನಡ ಕಲಿತು, ಸರಕಾರಿ ನೀರಾವರಿ ಇಲಾಖೆಗೆ ಸೇರಿದ. 1868ರ ಹೊತ್ತಿಗೆ ನಾಲೆಗಳ ಉಸ್ತುವಾರಿ ಅವನ ಪಾಲಿಗೆ ಬಂತು.

ನಾಲೆಯ ಕೆಲಸವೆಂದರೆ ಊರೂರು ಅಲೆಯುವ ಕೆಲಸ. ಕುದುರೆಯ ಮೇಲೆ ಕಾಡಂಚಿನಲ್ಲಿ ನೂರಾರು ಮೈಲಿ ತಿರುಗಬೇಕು, ರೈತರ ಜೊತೆ ಅವರದೇ ಮಾತಿನಲ್ಲಿ ವ್ಯವಹರಿಸಬೇಕು. ಅವನಿಗೆ ಕಾಡಿನ ಸುದ್ದಿ ಸಿಕ್ಕಿದ್ದು ಹೀಗೆಯೇ. ಕೊನೆಗೆ ಅವನು ನೆಲೆ ಮಾಡಿಕೊಂಡದ್ದು ಚಾಮರಾಜನಗರದ ಹತ್ತಿರ, ತನ್ನ ಪುಸ್ತಕದಲ್ಲಿ ಮೊರ್ಲೆ ಎಂದು ಕರೆದಿರುವ ಊರಿನಲ್ಲಿ. ಎದುರಿಗೆ ಬಿಳಿಗಿರಿರಂಗನ ಬೆಟ್ಟಸಾಲು, ಪಕ್ಕದಲ್ಲಿ ಹೊನ್ನುಹೊಳೆ. ಇಂದು ನಾವು ಸುವರ್ಣಾವತಿ ಎನ್ನುವ ಈ ಹೊಳೆ ಬೆಟ್ಟದಿಂದ ಇಳಿದು, ಯಳಂದೂರನ್ನು ಹಾದು, ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುತ್ತದೆ.

ಆ ಕಾಲದ ಗಡಿಗಳು ಬೇರೆಯೇ ಇದ್ದವು. ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರು. ಕೊಳ್ಳೇಗಾಲ, ಅದರೊಳಗೇ ಇದ್ದ ಹನೂರು, ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯ ಪಾಲು. ಅವು ಮೈಸೂರಿಗೆ ಸೇರಿದ್ದು 1956ರಲ್ಲಿ. ಆನೆಗಳಿಗೆ ಈ ಯಾವ ಗಡಿಯೂ ಗೊತ್ತಿರಲಿಲ್ಲ. ಮಳೆ ಬಿದ್ದಾಗ ಒಂದು ಕಡೆ, ಬೇಸಿಗೆಯಲ್ಲಿ ಇನ್ನೊಂದು ಕಡೆ ಅವು ಓಡಾಡುತ್ತಲೇ ಇದ್ದವು. ದಾರಿಯಲ್ಲಿ ಸಿಕ್ಕ ಬೆಳೆಯನ್ನು ತಿನ್ನುತ್ತಲೂ ಇದ್ದವು.

ಶಾಪದ ಕಲ್ಲು

ಬೆಳೆ ಹಾಳುಮಾಡುವ ಆನೆಗಳನ್ನು ಕೊಲ್ಲುವ ಬದಲು ಹಿಡಿದು ಪಳಗಿಸಿದರೆ ರೈತನಿಗೂ ಲಾಭ, ಸರಕಾರಕ್ಕೂ ಲಾಭ ಎಂಬುದು ಸ್ಯಾಂಡರ್ಸನ್ ಲೆಕ್ಕ. 1873ರಲ್ಲಿ ಸರಕಾರ ಒಪ್ಪಿತು. ಆದರೆ ಆಗ ದಕ್ಷಿಣದಲ್ಲಿ ಆನೆಯನ್ನು ಹೆಚ್ಚಾಗಿ ಗುಂಡಿ ತೋಡಿ ಒಂದೊಂದಾಗಿ ಕೆಡವುತ್ತಿದ್ದರು. ಬಿದ್ದ ಪೆಟ್ಟಿಗೆ ಎಷ್ಟೋ ಆನೆಗಳು ಸಾಯುತ್ತಿದ್ದವು. ಇಡೀ ಹಿಂಡನ್ನು ಒಟ್ಟಿಗೆ ಸುತ್ತುವರಿದು ಹಿಡಿಯುವ ಖೆಡ್ಡಾ ಬಂಗಾಳದ ಕಡೆಯ ರೂಢಿ.

ಇಲ್ಲಿ ಅದು ಸಾಧ್ಯವಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಸುಮಾರು ನೂರು ವರ್ಷ ಮೊದಲು ಹೈದರ್ ಅಲಿ ಕಾಕನಕೋಟೆ ಕಾಡಿನಲ್ಲಿ ಪ್ರಯತ್ನಿಸಿ ಸೋತಿದ್ದ. ಮುಂದೆ ಈ ಕೆಲಸಕ್ಕೆ ಕೈಹಾಕುವವರ ಮೇಲೆ ಶಾಪವಿಟ್ಟು ಆತ ಕಲ್ಲು ನೆಡಿಸಿದ್ದನೆಂದೂ, ಆ ಕಲ್ಲು ಇನ್ನೂ ಅಲ್ಲಿ ನಿಂತಿದೆಯೆಂದೂ ಸ್ಯಾಂಡರ್ಸನ್ ದಾಖಲಿಸಿದ್ದಾನೆ.

ಸ್ಯಾಂಡರ್ಸನ್ ಶಾಪದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಆನೆಗಳು ಯಾವ ತಿಂಗಳಲ್ಲಿ ಎಲ್ಲಿಗೆ ಬರುತ್ತವೆ, ಹೊಳೆ ಎಲ್ಲಿ ದಾಟುತ್ತವೆ, ಯಾವ ಜಾಡು ಹಿಡಿಯುತ್ತವೆ ಎಂಬುದನ್ನು ಗುರುತುಮಾಡಿಕೊಂಡ. ಇದರಲ್ಲಿ ಅವನಿಗೆ ಗುರುಗಳೆಂದರೆ ಬೆಟ್ಟದ ಸೋಲಿಗರು ಮತ್ತು ಕಾಡಂಚಿನ ಊರುಗಳ ಜಾಡುಗಾರರು. ಅವನು ಅವರ ಕುರಿತು ಬರೆದ ಧಾಟಿ ಆ ಕಾಲದ ಬಿಳಿಯ ಅಧಿಕಾರಿಯ ಧಾಟಿಯೇ, ಓದಿದರೆ ಇಂದು ಇರಿಸುಮುರಿಸಾಗುತ್ತದೆ. ಆದರೂ ಜಾಡು ಓದುವುದರಲ್ಲಿ ಅವರಿಗೆ ಸಾಟಿಯಿಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ.

ಮೊದಲ ಪ್ರಯತ್ನ ಕೈಗೂಡಲಿಲ್ಲ. 1874ರ ಜೂನ್‌ನಲ್ಲಿ ಬೆಟ್ಟದ ತಪ್ಪಲಿನ ಕರಡಿಹಳ್ಳಿಯಲ್ಲಿ 50ಕ್ಕೂ ಹೆಚ್ಚು ಆನೆಗಳ ಹಿಂಡು ಒಂದೇ ಸಲಕ್ಕೆ ಸೆರೆಯಾಯಿತು. ನೂರಾರು ಜನ ಸುತ್ತ ಕಾವಲು ನಿಂತು, ರಾತ್ರಿಯಿಡೀ ಬೆಂಕಿ ಹಾಕಿ, ಹಿಂಡನ್ನು ಅಗಳು ತೋಡಿದ ಆವರಣದೊಳಕ್ಕೆ ನೂಕಿದ್ದರು. ಆಮೇಲೆ ಪಳಗಿದ ಆನೆಗಳ ಸಹಾಯದಿಂದ ಹಗ್ಗ ಕಟ್ಟಿದರು. ಮೈಸೂರಿನ ಖೆಡ್ಡಾ ಚರಿತ್ರೆ ಶುರುವಾದದ್ದು ಹೀಗೆ. ಮರುವರ್ಷ ಸರಕಾರ ಅವನನ್ನು ಬಂಗಾಳಕ್ಕೆ ಕಳಿಸಿತು. ಚಿತ್ತಗಾಂಗ್ ಬೆಟ್ಟಗಳಲ್ಲಿ 85 ಆನೆಗಳು ಅವನ ತಂಡಕ್ಕೆ ಸಿಕ್ಕವು.

ಅಳೆದು ನೋಡಿದಾಗ

1878ರಲ್ಲಿ ಅವನ ಪುಸ್ತಕ, ಥರ್ಟೀನ್ ಇಯರ್ಸ್ ಅಮಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ, ಲಂಡನ್ನಿನಲ್ಲಿ ಅಚ್ಚಾಯಿತು. ಬೇಟೆಯ ಪುಸ್ತಕವೆಂದೇ ಅದು ಹೆಸರಾದರೂ, ಅದರ ಬೆಲೆಬಾಳುವ ಭಾಗ ಆನೆಯ ಬಗ್ಗೆ ಇರುವ ಅಧ್ಯಾಯಗಳು. ಅವುಗಳಲ್ಲಿನ ಕೆಲವು ಸಂಗತಿಗಳನ್ನು ಇಂದಿನ ವಿಜ್ಞಾನದ ಪಕ್ಕ ಇಟ್ಟು ನೋಡೋಣ.

ಮೊದಲನೆಯದು ಎತ್ತರ. ಹನ್ನೆರಡು ಅಡಿ, ಹದಿನಾಲ್ಕು ಅಡಿ ಆನೆಗಳ ಮಾತು ಆಗ ಸಾಮಾನ್ಯವಾಗಿತ್ತು. ತಪ್ಪು ಅಳತೆಯಲ್ಲೇ ಇತ್ತು. ಆನೆಯ ಹೆಗಲ ಮೇಲಿಂದ ಹಗ್ಗ ಹಾಯಿಸಿ, ಎರಡೂ ತುದಿ ನೆಲ ಮುಟ್ಟಿಸಿ, ಅದರಲ್ಲಿ ಅರ್ಧ ತೆಗೆದುಕೊಂಡರೆ ಮೈಯ ಉಬ್ಬೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸ್ಯಾಂಡರ್ಸನ್ ನೆಟ್ಟಗೆ ಕೋಲು ನಿಲ್ಲಿಸಿದ ಅಳತೆಯನ್ನೇ ನಂಬಿದ. ಅವನು ಕಂಡ ನೂರಾರು ಆನೆಗಳಲ್ಲಿ ಅತಿ ಎತ್ತರದ್ದು ಹುಣಸೂರಿನಲ್ಲಿದ್ದ ಸರಕಾರಿ ಆನೆ, ಭುಜದವರೆಗೆ 9 ಅಡಿ 10 ಅಂಗುಲ. ಭಾರತದಲ್ಲಿ 10 ಅಡಿಯ ಆನೆ ಇಲ್ಲ ಎಂದು ಅವನು ತೀರ್ಮಾನಿಸಿದ್ದು ಸ್ವಲ್ಪ ಅವಸರವಾಯಿತು. ಅವನ ಕಾಲದ ನಂತರ 11 ಅಡಿ ಮುಟ್ಟಿದ ಅಪರೂಪದ ಸಲಗಗಳೂ ದಾಖಲಾಗಿವೆ. ಆದರೆ ದೊಡ್ಡ ಗಂಡಾನೆ ಎಂದರೆ ಸಾಮಾನ್ಯವಾಗಿ 9 ಅಡಿಯ ಆಸುಪಾಸು ಎಂಬುದು ಇಂದಿಗೂ ಸರಿ.

ಎರಡನೆಯದು ಹೆಜ್ಜೆಯ ಲೆಕ್ಕ. ಮುಂಗಾಲಿನ ಪಾದದ ಸುತ್ತಳತೆಯ ಎರಡರಷ್ಟು ಆನೆಯ ಎತ್ತರ ಎಂಬ ನಮ್ಮ ಹಿರಿಯರ ಮಾತನ್ನು ಅವನು ಅಳೆದು ನೋಡಿ ಒಪ್ಪಿಕೊಂಡ. ಇಂದಿನ ಆನೆ ಸಂಶೋಧಕರೂ ಹೆಜ್ಜೆ ಗುರುತಿನಿಂದಲೇ ಎತ್ತರವನ್ನು, ಎತ್ತರದಿಂದ ವಯಸ್ಸನ್ನು ಅಂದಾಜು ಮಾಡುತ್ತಾರೆ. ಹಳೆಯ ನಂಬಿಕೆಗಳೆಲ್ಲ ಸುಳ್ಳಲ್ಲ. ಕೆಲವು ತಲೆಮಾರುಗಳ ಅಳತೆಯಿಂದ ಹುಟ್ಟಿದವು.

ಮೂರನೆಯದು ಓಟ. ಆನೆಗೆ ಇರುವುದು ನಡಿಗೆಯೊಂದೇ, ಅದನ್ನೇ ಚುರುಕುಮಾಡಿ ಸ್ವಲ್ಪ ದೂರ ಗಂಟೆಗೆ ಸುಮಾರು 15 ಮೈಲಿ ವೇಗದಲ್ಲಿ ಬರಬಲ್ಲದು, ಕುದುರೆಯಂತೆ ನಾಗಾಲೋಟ ಸಾಧ್ಯವಿಲ್ಲ ಎಂದು ಅವನು ಬರೆದ. 15 ಮೈಲಿ ಎಂದರೆ 24 ಕಿಲೋಮೀಟರ್. 2003ರಲ್ಲಿ ಜಾನ್ ಹಚಿನ್ಸನ್ ಮತ್ತು ಸಂಗಡಿಗರು ಥಾಯ್ಲೆಂಡಿನಲ್ಲಿ 42 ಆನೆಗಳನ್ನು ವಿಡಿಯೋದಲ್ಲಿ ಸೆರೆಹಿಡಿದು ಅಳೆದಾಗ ಸಿಕ್ಕ ಅತಿ ಹೆಚ್ಚಿನ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್! ನೂರಿಪ್ಪತ್ತೈದು ವರ್ಷ ಮೊದಲು ಕಾಡಿನಲ್ಲಿ ಮಾಡಿದ ಅಂದಾಜು ಇಷ್ಟು ಹತ್ತಿರಕ್ಕೆ ಬಂದಿತ್ತು.

ಇದು ಬರೀ ಕುತೂಹಲದ ಅಂಕಿಯಲ್ಲ. ಗಂಟೆಗೆ 24 ಕಿಲೋಮೀಟರ್ ಎಂದರೆ 100 ಮೀಟರನ್ನು 15 ಸೆಕೆಂಡಿನಲ್ಲಿ ಮುಗಿಸುವ ವೇಗ. ಕತ್ತಲಲ್ಲಿ, ಉತ್ತ ನೆಲದಲ್ಲಿ, ಚಪ್ಪಲಿ ಕಾಲಲ್ಲಿ ನಮ್ಮಲ್ಲಿ ಎಷ್ಟು ಜನ ಅಷ್ಟು ಬೇಗ ಓಡಬಲ್ಲೆವು? ಆನೆ ದಪ್ಪ, ಓಡಿ ತಪ್ಪಿಸಿಕೊಳ್ಳಬಹುದು ಎಂಬ ಧೈರ್ಯ ಜೀವಕ್ಕೆ ಎರವಾಗುವುದು ಇಲ್ಲಿಯೇ.

ನಾಲ್ಕನೆಯದು ನೆಗೆತ. ಆನೆಗೆ ನೆಗೆಯಲು ಬಾರದು. ದೊಡ್ಡ ಆನೆಯ ಒಂದು ಹೆಜ್ಜೆ ಆರೂವರೆ ಅಡಿ, ಹಾಗಾಗಿ ಏಳು ಅಡಿ ಅಗಲದ ಆಳವಾದ ಅಗಳನ್ನು ಅದು ದಾಟಲಾರದು ಎಂಬುದು ಸ್ಯಾಂಡರ್ಸನ್ ಲೆಕ್ಕ. ಅಷ್ಟು ಭಾರದ ದೇಹವನ್ನು ಕಂಬದಂಥ ಕಾಲುಗಳು ಹೊರಬಲ್ಲವು, ಮೇಲಕ್ಕೆ ಚಿಮ್ಮಿಸಲಾರವು. ವೇಗವಾಗಿ ಹೋಗುವಾಗಲೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಇಂದು ನಮ್ಮ ಕಾಡಂಚಿನಲ್ಲಿ ಅರಣ್ಯ ಇಲಾಖೆ ತೆಗೆಸುವ ಆನೆ ಕಂದಕಗಳ ಹಿಂದಿರುವುದು ಇದೇ ಲೆಕ್ಕ. ಸಾಮಾನ್ಯವಾಗಿ ಅವು 3 ಮೀಟರ್ ಅಗಲ, 3 ಮೀಟರ್ ಆಳ. ಆದರೂ ಆನೆ ಬರುತ್ತದಲ್ಲ ಎಂದು ನೀವು ಕೇಳಬಹುದು. ನೆಗೆದು ಬರುವುದಲ್ಲ, ಅಂಚಿನ ಮಣ್ಣನ್ನು ಕಾಲಿನಿಂದ ಒದ್ದು ಕೆಡವಿ, ಮಳೆಗೆ ಕುಸಿದ ಕಡೆ, ಬಂಡೆ ಸಿಕ್ಕಿ ಅಗೆಯದೆ ಬಿಟ್ಟ ಕಡೆ ದಾರಿ ಮಾಡಿಕೊಳ್ಳುತ್ತದೆ. ಅಂದರೆ ಕಂದಕ ತೋಡಿದರೆ ಸಾಲದು, ವರ್ಷ ವರ್ಷ ದುರಸ್ತಿಯೂ ಆಗಬೇಕು.

ಐದನೆಯದು ನಾಯಕತ್ವ ಮತ್ತು ಒಂಟಿ ಸಲಗ. ಹಿಂಡನ್ನು ನಡೆಸುವುದು ಯಾವಾಗಲೂ ಹೆಣ್ಣಾನೆ, ಗಂಡಾನೆಯಲ್ಲ ಎಂದು ಅವನು ಖಚಿತವಾಗಿ ಹೇಳಿದ. ಒಂಟಿ ಆನೆಗಳು ಹಿಂಡಿನಿಂದ ಬಹಿಷ್ಕಾರಗೊಂಡವು ಎಂಬುದನ್ನೂ ತಳ್ಳಿಹಾಕಿದ. ಇಂದಿನ ತಿಳಿವಳಿಕೆಯೂ ಇದೇ. ಅಜ್ಜಿ, ತಾಯಿ, ಮಗಳು, ಮರಿಗಳದ್ದೇ ಹಿಂಡು. ಗಂಡುಮರಿ ಹರೆಯಕ್ಕೆ ಬಂದಾಗ ತಾನಾಗಿ ದೂರ ಸರಿದು, ಒಂಟಿಯಾಗಿಯೋ ಬೇರೆ ಗಂಡುಗಳ ಜೊತೆಗೋ ಬದುಕುತ್ತದೆ. ಒಂಟಿಯಾಗಿರುವುದು ಅದಕ್ಕೆ ಶಿಕ್ಷೆಯಲ್ಲ, ಹುಚ್ಚಿನ ಲಕ್ಷಣವೂ ಅಲ್ಲ.

ಹಾಗಾದರೆ ಹೊಲಕ್ಕೆ ಬರುವುದು ಹೆಚ್ಚಾಗಿ ಸಲಗವೇ ಏಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇದೇ ಸೀಮೆಯಲ್ಲಿ. 1980ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಚಾಮರಾಜನಗರ–ಸತ್ಯಮಂಗಲ ಭಾಗದ ಕಾಡುಗಳಲ್ಲಿ ಆನೆಗಳನ್ನು ಅಭ್ಯಾಸ ಮಾಡಿದರು. ಹಿಂಡಿನ ಆನೆಗಳಿಗಿಂತ ಬೆಳೆದ ಗಂಡಾನೆಗಳು ಹಲವು ಪಟ್ಟು ಹೆಚ್ಚು ರಾತ್ರಿ ಬೆಳೆಗೆ ನುಗ್ಗುತ್ತವೆ ಎಂದು ಅವರು ತೋರಿಸಿದರು. ಕಾಡಿನ ಹುಲ್ಲಿಗಿಂತ ರಾಗಿಯಲ್ಲಿ ಪೋಷಕಾಂಶ ಹೆಚ್ಚು. ಗಂಡಾನೆ ಎಷ್ಟು ಗಟ್ಟಿಮುಟ್ಟಾಗಿ ಬೆಳೆದರೆ ಹೆಣ್ಣು ಒಲಿಯುವ ಅವಕಾಶವೂ ಅಷ್ಟು ಹೆಚ್ಚು. ಹಾಗಾಗಿ ಅದು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ. ಅದು ಹಳೆಯ ದ್ವೇಷ ತೀರಿಸಲು ಬರುವುದಲ್ಲ.

ಊಹಿಸಿದಾಗ

ಇನ್ನು ಅವನು ಎಡವಿದ ಕಡೆಗೆ ಬರೋಣ. ಆನೆಯ ಆಯಸ್ಸು 150 ವರ್ಷವಾದರೂ ಇದ್ದೀತು ಎಂದು ಸ್ಯಾಂಡರ್ಸನ್ ನಂಬಿದ್ದ. ಎಪ್ಪತ್ತು ದಾಟಿದೆ ಎನ್ನಲಾದ ಸಾಕಾನೆಗಳು ಇನ್ನೂ ಗಟ್ಟಿಯಾಗಿರುವುದನ್ನು ಕಂಡು, ಹಾಗಾದರೆ ಇದರ ಇಮ್ಮಡಿ ಬದುಕಬಹುದು ಎಂದುಕೊಂಡ. ಎತ್ತರಕ್ಕೆ ಕೋಲು ಹಿಡಿದವನು ವಯಸ್ಸಿಗೆ ಕೇಳಿದ ಮಾತನ್ನು ನೆಚ್ಚಿಕೊಂಡ. ನಿಜ ಸಂಗತಿ ಆನೆಯ ಬಾಯಲ್ಲಿದೆ. ಆನೆಗೆ ಬದುಕಿಡೀ ಆರು ಸರದಿ ದವಡೆ ಹಲ್ಲು ಬರುತ್ತವೆ. ಒಂದು ಸವೆದಂತೆ ಹಿಂದಿನಿಂದ ಇನ್ನೊಂದು ಮುಂದೆ ಸರಿಯುತ್ತದೆ. ಆರನೆಯದೂ ಸವೆದ ಮೇಲೆ, ಸುಮಾರು 60ರಿಂದ 70ರ ವಯಸ್ಸಿಗೆ, ಮೇವು ಅಗಿಯಲಾಗದೆ ಆನೆ ಸೊರಗುತ್ತದೆ. ಸಾಕಿದ ಕೆಲವು ಆನೆಗಳು 80 ದಾಟಿದ್ದುಂಟು. 150 ಮಾತ್ರ ಸಾಧ್ಯವಿಲ್ಲ.

ಬುದ್ಧಿಯ ವಿಷಯದಲ್ಲೂ ಹಾಗೆಯೇ. ಆನೆಯ ಜಾಣತನವನ್ನು ಜನ ಅತಿಯಾಗಿ ಹೊಗಳುತ್ತಾರೆ, ಅದು ವಿಧೇಯ, ಸಾಧು, ಅಂಜುಬುರುಕ ಪ್ರಾಣಿ ಅಷ್ಟೇ ಎಂಬುದು ಅವನ ಅಭಿಪ್ರಾಯ. ಸೆರೆಸಿಕ್ಕಿ ಬೆದರಿದ ಆನೆಗಳನ್ನೇ ಹೆಚ್ಚು ಹತ್ತಿರದಿಂದ ನೋಡಿದವನಿಗೆ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. 2006ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಆನೆಯೊಂದು ಕನ್ನಡಿಯಲ್ಲಿ ತನ್ನನ್ನೇ ಗುರುತಿಸಿಕೊಂಡದ್ದನ್ನು ವಿಜ್ಞಾನಿಗಳು ವರದಿ ಮಾಡಿದರು. 2011ರಲ್ಲಿ ಥಾಯ್ಲೆಂಡಿನ ಆನೆಗಳು ಒಂದೇ ಹಗ್ಗದ ಎರಡು ತುದಿಗಳನ್ನು ಇಬ್ಬರೂ ಒಟ್ಟಿಗೆ ಎಳೆದರೆ ಮಾತ್ರ ಆಹಾರ ಸಿಗುತ್ತದೆ ಎಂಬುದನ್ನು ಅರಿತು, ಜೊತೆಗಾರ ಬರುವವರೆಗೂ ಕಾದವು. ಇಲ್ಲಿ ಗೆದ್ದದ್ದು ಜನಸಾಮಾನ್ಯರ ನಂಬಿಕೆ, ಸ್ಯಾಂಡರ್ಸನ್ ಅಲ್ಲ.

ಸಹಜವಾಗಿ ಸತ್ತ ಆನೆಯ ಹೆಣ ಕಾಡಿನಲ್ಲಿ ಏಕೆ ಕಾಣಸಿಗುವುದಿಲ್ಲ ಎಂಬುದು ಅವನಿಗೂ ಬಿಡಿಸಲಾಗದ ಒಗಟಾಗಿತ್ತು. ಗುಟ್ಟಿನ ಸ್ಮಶಾನವೇನೂ ಇಲ್ಲ. ಸೊರಗಿದ ಆನೆ ಮೆತ್ತನೆಯ ಮೇವು, ನೀರು ಇರುವ ತಗ್ಗುಗಳಿಗೆ ಸರಿಯುತ್ತದೆ. ಸತ್ತ ಮೇಲೆ ಹುಳ, ಹಂದಿ, ಬಿಸಿಲು, ಮಳೆ ತಮ್ಮ ಕೆಲಸ ಮಾಡುತ್ತವೆ. ಮುಳ್ಳುಹಂದಿ ಮೂಳೆಯನ್ನೂ ಕಡಿಯುತ್ತದೆ. ದಟ್ಟ ಪೊದೆಯ ನಡುವೆ ಉಳಿದದ್ದು ಕಣ್ಣಿಗೆ ಬೀಳುವುದು ಕಷ್ಟ. ಇಂದು ಬೀಟ್ ನಡೆಯುವ ಅರಣ್ಯ ಸಿಬ್ಬಂದಿಗೆ ಅಂಥ ಹೆಣಗಳು ಸಿಗುತ್ತಲೇ ಇರುತ್ತವೆ.

ಹುಲಿಯ ಪರವಾಗಿ ಒಬ್ಬ ಬೇಟೆಗಾರ

ಸ್ಯಾಂಡರ್ಸನ್ ಹುಲಿಗಳನ್ನೂ ಕೊಂದ, ಆನೆಗಳನ್ನೂ ಕೊಂದ. ಇದನ್ನು ಮರೆಮಾಚಿ ಅವನನ್ನು ಕಾಡಿನ ರಕ್ಷಕನೆಂದು ಕರೆಯುವುದು ತಪ್ಪು. ಖೆಡ್ಡಾ ಕೂಡ ಸೌಮ್ಯ ವಿಧಾನವಾಗಿರಲಿಲ್ಲ. ಹಗ್ಗದ ಗಾಯ, ಗಾಬರಿ, ಮರಿ ಅಗಲಿಕೆಗಳಿಂದ ಸೆರೆಯಲ್ಲೇ ಸತ್ತ ಆನೆಗಳು ಕಡಿಮೆಯಲ್ಲ. ಆದರೆ ಹುಲಿಗಳನ್ನೆಲ್ಲ ಬಹುಮಾನ ಕೊಟ್ಟು ಕೊಲ್ಲಿಸುತ್ತಿದ್ದ ಕಾಲದಲ್ಲಿ, ಹುಲಿ ಜಿಂಕೆ ಮತ್ತು ಹಂದಿಗಳನ್ನು ಹತೋಟಿಯಲ್ಲಿಟ್ಟು ರೈತನಿಗೆ ಉಪಕಾರ ಮಾಡುತ್ತದೆ, ಅದನ್ನು ನಿರ್ನಾಮ ಮಾಡಿದರೆ ಬೆಳೆಗೇ ಕೇಡು ಎಂದು ವಾದಿಸಿದ ಕೆಲವೇ ಮಂದಿಯಲ್ಲಿ ಅವನೂ ಒಬ್ಬ. ಇಂದು ಶಾಲೆಯ ಪಾಠದಲ್ಲಿರುವ ಆಹಾರ ಸರಪಳಿಯ ಮಾತನ್ನು ಅವನು ಹೊಲದ ಲೆಕ್ಕದಲ್ಲಿ ಹೇಳಿದ್ದ.

1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ನಡೆಸಿಕೊಟ್ಟವನೂ ಇವನೇ. 1892ರಲ್ಲಿ ಮದ್ರಾಸಿನಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ಐವತ್ತು ಮುಟ್ಟಿರಲಿಲ್ಲ. ಮರುವರ್ಷ ಬಂದ ಕಿಪ್ಲಿಂಗ್ ಅವರ ಆನೆಗಳ ಕಥೆಯಲ್ಲಿನ ಪೀಟರ್ಸನ್ ಸಾಹೇಬನಿಗೆ ಇವನೇ ಮಾದರಿ ಎಂದು ಹಲವರು ಹೇಳುತ್ತಾರೆ. ಅವನು ಆರಂಭಿಸಿದ ಮೈಸೂರು ಖೆಡ್ಡಾ 1971ರವರೆಗೆ ನಡೆದು ನಿಂತಿತು. 1977ರಲ್ಲಿ ಆನೆಗೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಸಿಕ್ಕಿತು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಇವೆರಡರ ನಡುವಿನ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರಿನಲ್ಲಿ ಆನೆಗಳು ಇಂದಿಗೂ ನಡೆದು ಹೋಗುತ್ತವೆ.

ನಮಗೆ ಉಳಿದದ್ದು

ಸ್ಯಾಂಡರ್ಸನ್ ಬದುಕಿನಿಂದ ನಾವು ತೆಗೆದುಕೊಳ್ಳಬಹುದಾದದ್ದು ಇಷ್ಟು. ಅಳೆದ ಕಡೆ ಅವನು ಬಹುಪಾಲು ಸರಿಯಾಗಿದ್ದ, ಕೇಳಿದ ಮಾತಿನ ಮೇಲೆ ಕಟ್ಟಿದ ಕಡೆ ತಪ್ಪಿದ. ಹಳೆಯ ನಂಬಿಕೆ ಎಂಬ ಕಾರಣಕ್ಕೆ ಯಾವುದನ್ನೂ ತಳ್ಳಬೇಕಿಲ್ಲ, ಸಾಹೇಬರು ಬರೆದರು ಎಂಬ ಕಾರಣಕ್ಕೆ ಒಪ್ಪಬೇಕಾಗಿಯೂ ಇಲ್ಲ.

ರಾತ್ರಿ ಕಾವಲಿಗೆ ಹೋಗುವವರಿಗೆ ಈ ತಿಳಿವಳಿಕೆಯಿಂದ ಬರುವ ಮಾತು ಸರಳ. ಆನೆಯನ್ನು ಓಟದಲ್ಲಿ ಸೋಲಿಸುವ ಲೆಕ್ಕ ಬೇಡ, ಮೊದಲೇ ದೂರವಿರಿ. ಒಂಟಿ ಸಲಗ ಕಂಡರೆ ಅದು ಹುಚ್ಚು ಹಿಡಿದದ್ದೆಂದು ಕಲ್ಲು ಹೊಡೆದು ಕೆಣಕಬೇಡಿ. ಅದು ಮೇವಿಗೆ ಬಂದಿದೆ, ಹೋಗಲು ದಾರಿ ಬಿಡಿ. ಮರಿಯಿರುವ ಹಿಂಡಿನ ಮತ್ತು ಕಾಡಿನ ನಡುವೆ ನಿಲ್ಲಬೇಡಿ. ಕಂದಕ ಕುಸಿದಿದ್ದರೆ, ಊರ ಹತ್ತಿರ ಆನೆ ಕಂಡರೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ ತಿಳಿಸಿ. ಬೆಳಿಗ್ಗೆ ಬದುವಿನಲ್ಲಿ ಹೆಜ್ಜೆ ಸಿಕ್ಕರೆ ಹಗ್ಗ ಹಾಕಿ ಅಳೆದು ನೋಡಿ. ಆ ಲೆಕ್ಕವನ್ನು ಮಾತ್ರ ಧೈರ್ಯವಾಗಿ ನಂಬಬಹುದು.